ಎರವಲು ಕೋಡ್‌ನ ಉಸ್ತುವಾರಿ

ವಿದ್ಯಾರ್ಥಿನಿ: ಡೆಬಿಯನ್, ಫ್ರೀಬಿಎಸ್‌ಡಿ, ಓಪನ್‌ವರ್ಟ್, ಇವೆಲ್ಲ ಯಾರು ಬೇಕಾದರೂ ತೆರೆದು ನೋಡಬಹುದಾದ ಆಪರೇಟಿಂಗ್ ಸಿಸ್ಟಮ್‌ಗಳು. ಆದರೆ ಅವುಗಳೊಳಗಿನ ನೆಟ್‌ವರ್ಕ್ ಸಾಫ್ಟ್‌ವೇರ್‌ನಲ್ಲಿ ಬಹಳಷ್ಟನ್ನು ಆ ಯೋಜನೆಯವರು ಬರೆದದ್ದೇ ಅಲ್ಲ ಎನ್ನುತ್ತಾರಲ್ಲ ಸಾರ್. ಹಾಗಾದರೆ ಅವರ ಕೆಲಸ ಯಾವುದು?

ಮಾಷ್ಟ್ರು: ತಂದಿಟ್ಟುಕೊಂಡದ್ದನ್ನು ನೋಡಿಕೊಳ್ಳುವುದು. ಮಣಿಪಾಲದ ಒಂದು ಹಾಸ್ಟೆಲ್‌ನ ರೂಟರ್‌ಗೆ ಓಪನ್‌ವರ್ಟ್ ಹಾಕಿದ್ದಾರೆ ಎಂದಿಟ್ಟುಕೊ. ಫೋನ್ ವೈಫೈಗೆ ಸೇರುವಾಗ ಪಾಸ್‌ವರ್ಡ್ ತಾಳೆ ನೋಡುವುದು ಹೋಸ್ಟ್‌ಎಪಿಡಿ. ಅದು ಯೌನಿ ಮಾಲಿನೆನ್ ನಡೆಸುವ ಬೇರೆಯೇ ಯೋಜನೆ. ಫೋನಿಗೆ ಐಪಿ ವಿಳಾಸ ಹಂಚುವುದು, ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವುದು ಡಿಎನ್‌ಎಸ್‌ಮಾಸ್ಕ್. ಅದು ಸೈಮನ್ ಕೆಲ್ಲಿಯವರದು. ಉಸ್ತುವಾರಿಯವರು ತಮ್ಮ ಕೋಣೆಯಲ್ಲೇ ಕುಳಿತು ರೂಟರ್‌ಗೆ ಲಾಗಿನ್ ಆಗುವುದು ಡ್ರಾಪ್‌ಬೇರ್ ಮೂಲಕ. ಅದೂ ಇನ್ನೊಬ್ಬರದೇ. ಓಪನ್‌ವರ್ಟ್‌ನವರು ಇವನ್ನು ಆರಿಸಿದ್ದಾರೆ, ರೂಟರ್‌ನ ಪುಟ್ಟ ಜಾಗದಲ್ಲಿ ಹಿಡಿಸುವಂತೆ ಕಟ್ಟಿದ್ದಾರೆ, ಒಂದೇ ಕಡೆ ಸೆಟ್ಟಿಂಗ್ ಬದಲಿಸಿದರೆ ಎಲ್ಲಕ್ಕೂ ತಲುಪುವಂತೆ ಜೋಡಿಸಿದ್ದಾರೆ. ಮೂಲದಲ್ಲಿ ಹೊಸ ಆವೃತ್ತಿ ಬಂದಾಗಲೆಲ್ಲ ಈ ಕೆಲಸ ಪುನಃ ಆಗಬೇಕು.

ವಿದ್ಯಾರ್ಥಿನಿ: ಬೇಕಾದವರು ಮೂಲದವರಿಂದಲೇ ಇಳಿಸಿಕೊಳ್ಳಬಹುದಲ್ಲ? ನಡುವೆ ಇನ್ನೊಬ್ಬರು ಯಾಕೆ?

ಮಾಷ್ಟ್ರು: ಮೂಲದವರನ್ನು ಈ ಕೆಲಸದವರು ಅಪ್‌ಸ್ಟ್ರೀಮ್ ಎನ್ನುತ್ತಾರೆ. ಅಪ್‌ಸ್ಟ್ರೀಮ್‌ನವರ ಗಮನ ತಮ್ಮ ಒಂದು ಪ್ರೋಗ್ರಾಂ ಮೇಲೆ. ಅದು ಬೇರೆ ಸಾವಿರ ಪ್ರೋಗ್ರಾಂಗಳ ಜೊತೆ ಒಂದೇ ಯಂತ್ರದಲ್ಲಿ ಹೊಂದಿಕೊಂಡು ಓಡಬೇಕಾದರೆ ಯಾರಾದರೂ ಒಟ್ಟು ನೋಡಬೇಕು. ಈ ಸರಪಳಿ ಎಷ್ಟು ಉದ್ದ ಎನ್ನುವುದಕ್ಕೆ ಹತ್ತಿರದ್ದೇ ಉದಾಹರಣೆ ಉಂಟು. ಮಂಜೇಶ್ವರ, ಕಾಸರಗೋಡಿನ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿಗೆ ಬರುವುದು ಕೇರಳದ ಕೈಟ್ ಸಂಸ್ಥೆಯ ಗ್ನು/ಲಿನಕ್ಸ್. ಅದನ್ನು ಕಟ್ಟಿದ್ದು ಉಬುಂಟು ಮೇಲೆ, ಉಬುಂಟುವನ್ನು ಕಟ್ಟಿದ್ದು ಡೆಬಿಯನ್ ಮೇಲೆ. ದೂರದಿಂದ ಲಾಗಿನ್ ಆಗಲು ಡೆಬಿಯನ್‌ನಲ್ಲಿರುವ ಓಪನ್‌ಎಸ್‌ಎಸ್‌ಎಚ್ ಬಂದದ್ದು ಓಪನ್‌ಬಿಎಸ್‌ಡಿ ಎಂಬ ಮತ್ತೊಂದೇ ಆಪರೇಟಿಂಗ್ ಸಿಸ್ಟಮ್‌ನಿಂದ. ಬೇರೆ ಸಿಸ್ಟಮ್‌ಗಳಲ್ಲಿ ಓಡುವಂತೆ ತಿದ್ದಿದ ಅದರ ‘ಪೋರ್ಟಬಲ್’ ರೂಪ ಅದು. ಮೂಲದಲ್ಲಿ ಒಂದು ಸಾಲು ತಿದ್ದಿದರೆ ಅದು ಇಷ್ಟು ಕೈ ದಾಟಿ ಮಂಜೇಶ್ವರದ ಶಾಲೆಗೆ ಬರಬೇಕು. ನಡುವಿನ ಒಂದು ಕೈ ತಡಮಾಡಿದರೂ ಆ ಶಾಲೆಗೆ ತಡವಾಯಿತು.

ವಿದ್ಯಾರ್ಥಿನಿ: ತಂದಿಡುವುದಕ್ಕೆ ಕ್ರಮ ಏನಾದರೂ ಉಂಟಾ?

ಮಾಷ್ಟ್ರು: ಉಂಟು, ಅದರಲ್ಲಿ ಅಚ್ಚುಕಟ್ಟು ಇಲ್ಲದಿದ್ದರೆ ಮುಂದಿನದೆಲ್ಲ ಕಷ್ಟ. ಫ್ರೀಬಿಎಸ್‌ಡಿಯ ರೀತಿ ನೋಡು. ಹೊರಗಿನ ಕೋಡ್ ಬಂದದ್ದು ಬಂದ ಹಾಗೆಯೇ ‘ವೆಂಡರ್ ಬ್ರಾಂಚ್’ ಎಂಬ ಪ್ರತ್ಯೇಕ ಕವಲಿಗೆ ಹೋಗುತ್ತದೆ. ಅಲ್ಲಿ ಯಾರೂ ಕೈಯಾಡಿಸುವುದಿಲ್ಲ. ಅಲ್ಲಿಂದ ಮುಖ್ಯ ಕವಲಿನ ‘ಕಾಂಟ್ರಿಬ್’ ಎಂಬ ಡೈರೆಕ್ಟರಿಗೆ ಮರ್ಜ್ ಮಾಡುತ್ತಾರೆ. ಓಪನ್‌ಎಸ್‌ಎಸ್‌ಎಚ್, ಗೂಢಲಿಪೀಕರಣದ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ನಂಥವು ‘ಕ್ರಿಪ್ಟೊ’ ಎಂಬಲ್ಲಿಗೆ. ಕಟ್ಟುವ ಸೂಚನೆಯ ಮೇಕ್‌ಫೈಲ್ ಮಾತ್ರ ಫ್ರೀಬಿಎಸ್‌ಡಿಯವರದೇ, ಅದು ಇರುವುದು ಬೇರೆ ಡೈರೆಕ್ಟರಿಯಲ್ಲಿ. ಹೊರಗಿನವರ ಫೈಲ್ ಮುಟ್ಟದೆ ತಮಗೆ ಬೇಕಾದ ಹಾಗೆ ಕಟ್ಟಲು ಮಾಡಿಕೊಂಡ ಏರ್ಪಾಡು ಇದು. ಕೆಲವು ಡೈರೆಕ್ಟರಿಗಳಲ್ಲಿ ಎಕ್ಸ್‌ಲಿಸ್ಟ್ ಎಂಬ ಚಿಕ್ಕ ಫೈಲ್ ಇರುತ್ತಿತ್ತು: ತರುವಾಗ ಯಾವ ಯಾವ ಫೈಲ್ ಬಿಟ್ಟುಬಿಡಬೇಕು ಎಂಬ ಪಟ್ಟಿ. ಪಕ್ಕದಲ್ಲೇ ಇನ್ನೊಂದು: ಮುಂದಿನ ಆವೃತ್ತಿ ತರುವುದು ಹೇಗೆ ಎಂದು ಮೊದಲು ತಂದವರು ಬರೆದಿಟ್ಟ ಟಿಪ್ಪಣಿ.

ವಿದ್ಯಾರ್ಥಿನಿ: ಡೆಬಿಯನ್‌ನಲ್ಲೂ ಹೀಗೆಯಾ?

ಮಾಷ್ಟ್ರು: ಉದ್ದೇಶ ಅದೇ, ಏರ್ಪಾಡು ಬೇರೆ. ಮೂಲದ ಟಾರ್‌ಬಾಲ್ ಹಾಗೆಯೇ ಇರುತ್ತದೆ. ಡೆಬಿಯನ್ ಮಾಡಿದ ಬದಲಾವಣೆಗಳೆಲ್ಲ ‘ಪ್ಯಾಚಸ್’ ಎಂಬ ಡೈರೆಕ್ಟರಿಯಲ್ಲಿ ಒಂದೊಂದು ಫೈಲ್ ಆಗಿ, ‘ಸೀರೀಸ್’ ಎಂಬ ಫೈಲ್ ಹೇಳುವ ಅನುಕ್ರಮದಲ್ಲಿ. ಪ್ರತಿ ಪ್ಯಾಚ್‌ನ ತಲೆಯಲ್ಲಿ ಕೆಲವು ಸಾಲು ಬರೆಯುವ ರೂಢಿ: ಇದು ಏನು, ಎಲ್ಲಿಂದ ಬಂತು, ಯಾರು ಬರೆದದ್ದು, ಕೊನೆಗೆ ಯಾವಾಗ ನೋಡಿದ್ದು. ಅದರಲ್ಲೇ ‘ಫಾರ್ವರ್ಡೆಡ್’ ಎಂಬ ಸಾಲೂ ಇದೆ, ಅಂದರೆ ಈ ತಿದ್ದುಪಡಿಯನ್ನು ಮೂಲದವರಿಗೆ ಕಳಿಸಿದ್ದಾರಾ ಎಂದು. ಒಂದು ಪ್ಯಾಕೇಜ್ ಚೆನ್ನಾಗಿ ನಡೆಯುತ್ತಿದೆಯೇ ಎಂದು ತಿಳಿಯಬೇಕಾದರೆ ಮೊದಲು ನೋಡಬೇಕಾದ್ದು ಆ ಸಾಲು. ‘ಇಲ್ಲ’ ಎಂದು ಬರೆದ ಪ್ಯಾಚ್‌ಗಳು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರೆ ಮುಂದಿನ ಮೆಂಟೇನರ್‌ಗೆ, ಅಂದರೆ ಪ್ಯಾಕೇಜ್ ನೋಡಿಕೊಳ್ಳುವವರಿಗೆ, ಸಾಲ ಕೂಡುತ್ತಿದೆ ಎಂದು ಅರ್ಥ.

ವಿದ್ಯಾರ್ಥಿನಿ: ಕೋಡ್ ಮುಕ್ತವಾಗಿ ಸಿಕ್ಕಿದ ಮೇಲೆ ಬೇಕಾದ ಹಾಗೆ ಬದಲಿಸಿಕೊಳ್ಳುವ ಹಕ್ಕು ಇದ್ದೇ ಇದೆಯಲ್ಲ. ಅದಕ್ಕೆ ಇಷ್ಟು ಅಂಜಿಕೆ ಯಾಕೆ?

ಮಾಷ್ಟ್ರು: ಹಕ್ಕು ಇದೆ, ಖರ್ಚೂ ಇದೆ. ಆ ಹಕ್ಕು ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದು 2001ರಲ್ಲಿ ಕಂಡಿತು. ಓಪನ್‌ಬಿಎಸ್‌ಡಿಯ ಫೈರ್‌ವಾಲ್ ಆಗ ಡ್ಯಾರೆನ್ ರೀಡ್ ಬರೆದ ಐಪಿಫಿಲ್ಟರ್. ಅದರ ಲೈಸೆನ್ಸ್‌ನಂತೆ ತಿದ್ದಿ ಹಂಚುವ ಅವಕಾಶ ಇಲ್ಲ ಎಂದು ಮೇ ತಿಂಗಳಲ್ಲಿ ಸ್ಪಷ್ಟವಾದದ್ದೇ, ಓಪನ್‌ಬಿಎಸ್‌ಡಿ ಅದನ್ನು ಕಿತ್ತುಹಾಕಿತು. ಡೇನಿಯಲ್ ಹಾರ್ಟ್‌ಮೈಯರ್ ಹೊಸದಾಗಿ ಪಿಎಫ್ ಎಂಬ ಫೈರ್‌ವಾಲ್ ಬರೆದರು. ಅದೇ ಡಿಸೆಂಬರ್‌ನಲ್ಲಿ 3.0 ಆವೃತ್ತಿಯ ಜೊತೆ ಅದು ಹೊರಬಂತು.

ಖರ್ಚು ಏನು ಎನ್ನುವುದಕ್ಕೂ ಅದೇ ಪಿಎಫ್ ಸಾಕ್ಷಿ. ಫ್ರೀಬಿಎಸ್‌ಡಿ 2004ರಲ್ಲಿ 5.3 ಆವೃತ್ತಿಯಿಂದ ಅದನ್ನು ಸೇರಿಸಿಕೊಂಡಿತು, ಮುಂದೆ 2012ರ 9.0ಕ್ಕೆ ಓಪನ್‌ಬಿಎಸ್‌ಡಿ 4.5ರ ಪಿಎಫ್ ತಂದಿತು. ಅಷ್ಟರಲ್ಲಿ ಓಪನ್‌ಬಿಎಸ್‌ಡಿ 2010ರ 4.7ರಲ್ಲಿ ವಿಳಾಸ ಬದಲಿಸುವ ನಿಯಮಗಳ ಬರವಣಿಗೆಯನ್ನೇ ಬದಲಿಸಿಯಾಗಿತ್ತು. ಫ್ರೀಬಿಎಸ್‌ಡಿಗೆ ಬೇಕಾದದ್ದು ಮತ್ತೊಂದು: ಹಲವು ಸಿಪಿಯು ಇರುವ ಯಂತ್ರದಲ್ಲಿ ಎಲ್ಲ ಸಿಪಿಯುಗಳೂ ಒಟ್ಟಿಗೆ ದುಡಿಯುವ ಪಿಎಫ್. 2014ರ 10.0ಕ್ಕೆ ಒಳಗಿನ ಬೀಗಗಳ ವ್ಯವಸ್ಥೆಯನ್ನೇ ಬಿಚ್ಚಿ ಬರೆದರು. ಒಳ್ಳೆಯ ಕೆಲಸವೇ. ಆದರೆ ಆಮೇಲೆ ಮೂಲದಿಂದ ಮರ್ಜ್ ಮಾಡುವ ದಾರಿ ಮುಚ್ಚಿತು. ಎರಡೂ ಕಡೆ ಪಿಎಫ್ ಎಂದೇ ಹೆಸರು, ಆದರೆ ಒಂದರ ನಿಯಮದ ಫೈಲ್ ಇನ್ನೊಂದರಲ್ಲಿ ಹಾಗೆಯೇ ಓಡುವ ಭರವಸೆ ಇಲ್ಲ. ದೂರವಾದದ್ದನ್ನು ಒಂದೊಂದೇ ತುಂಡಾಗಿ ಹತ್ತಿರ ತರುವ ಕೆಲಸ ಮುಂದಿನವರ ಪಾಲಿಗೆ ಬಂತು.

ವಿದ್ಯಾರ್ಥಿನಿ: ಆದರೆ ಆ ಬದಲಾವಣೆ ಬೇಕಿತ್ತು ಎಂದು ನೀವೇ ಹೇಳ್ತೀರಿ.

ಮಾಷ್ಟ್ರು: ಬೇಕಿತ್ತು. ಬೇಕಾದ ಬದಲಾವಣೆಗೂ ಬಡ್ಡಿ ಕಟ್ಟಬೇಕು, ಅಷ್ಟೇ ವಿಷಯ. ಕಟ್ಟಲಾಗದು ಎಂದು ಕಂಡರೆ ಬಿಡುವ ಧೈರ್ಯವೂ ಬೇಕು. ದೂರದ ಊರುಗಳ ನಡುವೆ ಫೈಲ್ ವೇಗವಾಗಿ ಕಳಿಸಲು ಅನುಕೂಲವಾಗುವ ಎಚ್‌ಪಿಎನ್ ಎಂಬ ಪ್ಯಾಚ್‌ಗಳನ್ನು ಫ್ರೀಬಿಎಸ್‌ಡಿ ತನ್ನ ಓಪನ್‌ಎಸ್‌ಎಸ್‌ಎಚ್‌ಗೆ ಹಾಕಿಕೊಂಡಿತ್ತು. ಪ್ರತಿ ಹೊಸ ಆವೃತ್ತಿ ತರುವಾಗಲೂ ಅವು ಅಡ್ಡ ಬರುತ್ತಿದ್ದವು. 2016ರ ಆರಂಭದಲ್ಲಿ ತೆಗೆದುಹಾಕಿದರು. ಬೇಕೇ ಬೇಕು ಎನ್ನುವವರಿಗೆ ‘ಪೋರ್ಟ್ಸ್’ ಎಂಬ ಹೆಚ್ಚುವರಿ ಸಾಫ್ಟ್‌ವೇರ್ ಸಂಗ್ರಹದಲ್ಲಿ ಬೇರೆ ಪ್ಯಾಕೇಜ್ ಇತ್ತು.

ಬೆಂಗಳೂರಿನ ಜೂನಿಪರ್‌ನಂಥ ಕಂಪನಿಗಳಿಗೆ ಮಣಿಪಾಲದ ಎಂಐಟಿಯಿಂದ, ನಿಟ್ಟೆಯಿಂದ ಕಲಿತವರು ಹೋಗುತ್ತಾರಲ್ಲ, ಅವರಿಗೆ ಇದೇ ಲೆಕ್ಕ ಇನ್ನೂ ದೊಡ್ಡದಾಗಿ ಎದುರಾಗುತ್ತದೆ. ಜೂನಿಪರ್ ರೂಟರ್‌ಗಳ ಜೂನೋಸ್ ಕಟ್ಟಿದ್ದೇ ಫ್ರೀಬಿಎಸ್‌ಡಿ ಮೇಲೆ, ಅಂದರೆ ಅಲ್ಲಿ ಆಪರೇಟಿಂಗ್ ಸಿಸ್ಟಮ್‌ಗೆ ಆಪರೇಟಿಂಗ್ ಸಿಸ್ಟಮೇ ಹೊರಗಿನ ಕೋಡ್. ಅದು ಹಳೆಯ ತಳವನ್ನು ವರ್ಷಗಟ್ಟಲೆ ಹೊತ್ತು, 15.1 ಆವೃತ್ತಿಯಲ್ಲಿ ಫ್ರೀಬಿಎಸ್‌ಡಿ 10ರ ತಳಕ್ಕೆ ಬಂತು. ಮನೆಯೊಳಗೆ ಇಟ್ಟುಕೊಂಡ ಬದಲಾವಣೆ ಹೆಚ್ಚಿದ್ದಷ್ಟೂ ಅಂಥ ಜಿಗಿತ ಕಷ್ಟ. ಕಂಪನಿಗಳು ತಮ್ಮ ಪ್ಯಾಚ್‌ಗಳನ್ನು ಮೂಲಕ್ಕೆ ಕೊಡುವುದರಲ್ಲಿ ಈ ಲೆಕ್ಕಾಚಾರವೂ ಇರುತ್ತದೆ.

ವಿದ್ಯಾರ್ಥಿನಿ: ಖರ್ಚಿನ ಮಾತು ಆಯಿತು. ಅಪಾಯ?

ಮಾಷ್ಟ್ರು: 2006ರಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜ್‌ನಲ್ಲಿ ಒಂದು ಸಣ್ಣ ತಿದ್ದುಪಡಿ ಆಯಿತು. ಮೆಮೊರಿ ಪರೀಕ್ಷಿಸುವ ಒಂದು ಸಾಧನ ಎರಡು ಸಾಲುಗಳ ಮೇಲೆ ಎಚ್ಚರಿಕೆ ತೋರಿಸುತ್ತಿತ್ತು. ಆ ಸಾಲುಗಳನ್ನು ಕಮೆಂಟ್ ಮಾಡಿಬಿಟ್ಟರು. ಅದರಲ್ಲೊಂದು ಸಾಲು ರಹಸ್ಯ ಕೀಲಿ ಮಾಡುವಾಗ ಬೇಕಾಗುವ ಯಾದೃಚ್ಛಿಕತೆಯನ್ನು ಬೆರೆಸುವ ಸಾಲು. ಉಳಿದದ್ದು ಪ್ರೋಸೆಸ್‌ನ ಕ್ರಮಸಂಖ್ಯೆ ಮಾತ್ರ, ಅದು ಸುಮಾರು 32 ಸಾವಿರದೊಳಗಿನ ಒಂದು ಅಂಕಿ. ಹಾಗಾಗಿ ಒಂದು ಅಳತೆಯ ಕೀಲಿ ಎಂದರೆ ಅಷ್ಟರಲ್ಲಿ ಯಾವುದೋ ಒಂದು, ಎಲ್ಲವನ್ನೂ ಮೊದಲೇ ಮಾಡಿಟ್ಟು ಪ್ರಯತ್ನಿಸಬಹುದು. ಲುಸಿಯಾನೊ ಬೆಲ್ಲೊ ಕಂಡುಹಿಡಿದು 2008ರ ಮೇ 13ರಂದು ಪ್ರಕಟಣೆ ಹೊರಬೀಳುವ ಹೊತ್ತಿಗೆ ಡೆಬಿಯನ್, ಉಬುಂಟು ಯಂತ್ರಗಳಲ್ಲಿ ಮಾಡಿದ ಎಸ್‌ಎಸ್‌ಎಚ್ ಕೀಲಿಗಳು ಎಲ್ಲೆಲ್ಲೋ ಹರಡಿಯಾಗಿದ್ದವು. ಪ್ಯಾಕೇಜ್ ಅಪ್‌ಡೇಟ್ ಮಾಡಿದರೆ ಸಾಲದು, ಕೀಲಿಗಳನ್ನೇ ಎಸೆದು ಹೊಸದು ಮಾಡಬೇಕಾಯಿತು. ತಿದ್ದುವ ಮೊದಲು ಮೂಲದವರನ್ನು ಕೇಳಿಯೂ ಇದ್ದರು. ಆದರೆ ಪ್ಯಾಚ್ ಮೂಲದ ಕೋಡ್‌ಗೆ ಸೇರಲೇ ಇಲ್ಲ. ಆ ಫೈಲ್ ಬರೆದವರು ಕಣ್ಣಿಟ್ಟು ನೋಡುವ ಹಂತವೇ ಬರಲಿಲ್ಲ.

ವಿದ್ಯಾರ್ಥಿನಿ: ಅದು ಹಳೆಯ ಕಥೆ. ಈಗ ಪರೀಕ್ಷೆ ಮಾಡುವ ಸಾಧನಗಳು ಎಷ್ಟೋ ಬಂದಿವೆ.

ಮಾಷ್ಟ್ರು: 2024ಕ್ಕೆ ಬಾ ಹಾಗಾದರೆ. ಆ ವರ್ಷ ಜುಲೈ 1ರಂದು ಓಪನ್‌ಎಸ್‌ಎಸ್‌ಎಚ್‌ನಲ್ಲಿ ‘ರೆಗ್ರೆಷನ್’ ಎಂದು ಹೆಸರಾದ ದೋಷ ಪ್ರಕಟವಾಯಿತು. ಲಾಗಿನ್‌ಗೆ ಕೊಟ್ಟ ಸಮಯ ಮುಗಿದಾಗ ಓಡುವ ಸಿಗ್ನಲ್ ಹ್ಯಾಂಡ್ಲರ್‌ನೊಳಗೆ, ಅಲ್ಲಿ ಕರೆಯಲೇಬಾರದ ಕೆಲಸ ನಡೆಯುತ್ತಿತ್ತು. 2006ರಲ್ಲೇ ಸರಿಪಡಿಸಿದ್ದು 8.5 ಆವೃತ್ತಿಯಲ್ಲಿ ಮತ್ತೆ ನುಸುಳಿತ್ತು. ಫ್ರೀಬಿಎಸ್‌ಡಿಯವರು ಆ ತಿದ್ದುಪಡಿ ತಂದರು. ಮುಂದಿನ ತಿಂಗಳು, ಆಗಸ್ಟ್ 7ರಂದು, ಮತ್ತೊಂದು ಪ್ರಕಟಣೆ ಹೊರಡಿಸಬೇಕಾಯಿತು. ಪದೇಪದೇ ತಪ್ಪು ಪಾಸ್‌ವರ್ಡ್ ಹಾಕುವವರನ್ನು ತಡೆಯಲು ಬ್ಲ್ಯಾಕ್‌ಲಿಸ್ಟ್‌ಡಿ ಎಂಬುದನ್ನು ಓಪನ್‌ಎಸ್‌ಎಸ್‌ಎಚ್‌ಗೆ ಫ್ರೀಬಿಎಸ್‌ಡಿಯೇ ಜೋಡಿಸಿತ್ತು. ಆ ಜೋಡಣೆಯ ಕೋಡ್‌ನಲ್ಲಿ ಅದೇ ಬಗೆಯ ದೋಷ ಇತ್ತು. ಮೂಲದವರ ತಿದ್ದುಪಡಿ ಮೂಲದ ಸಾಲುಗಳನ್ನು ಕಾಪಾಡಿತು. ಸ್ಥಳೀಯವಾಗಿ ಸೇರಿಸಿದ ಸಾಲುಗಳನ್ನು ಮೂಲದವರು ಕಂಡೇ ಇರಲಿಲ್ಲ.

ವಿದ್ಯಾರ್ಥಿನಿ: ಹಾಗಾದರೆ ಪ್ಯಾಚ್ ಹಾಕುವುದೇ ತಪ್ಪು ಎಂದಾಗುತ್ತದೆ.

ಮಾಷ್ಟ್ರು: ಹಾಕಿ ಅಲ್ಲೇ ಇಟ್ಟುಕೊಳ್ಳುವುದು ತಪ್ಪು. ಎಕ್ಸ್‌ಜಡ್ ಪ್ರಕರಣ ನೋಡು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್, ಎಸ್‌ಎಸ್‌ಎಚ್ ಲಾಗಿನ್‌ಗಳು ಸಿಪಿಯುವನ್ನು ಯಾಕೆ ಇಷ್ಟು ತಿನ್ನುತ್ತಿವೆ ಎಂದು ಹುಡುಕುತ್ತ ಹೋಗಿ, ಫೈಲ್ ಕುಗ್ಗಿಸುವ ಎಕ್ಸ್‌ಜಡ್ ಲೈಬ್ರರಿಯ 5.6.0, 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಇಟ್ಟದ್ದನ್ನು ಬಯಲು ಮಾಡಿದರು. ಓಪನ್‌ಎಸ್‌ಎಸ್‌ಎಚ್‌ಗೂ ಎಕ್ಸ್‌ಜಡ್‌ಗೂ ನೇರ ಸಂಬಂಧವೇ ಇಲ್ಲ. ಸೇವೆ ಶುರುವಾಯಿತು ಎಂದು, ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಗೆ ತಿಳಿಸಲು ಡೆಬಿಯನ್ ಮತ್ತು ಕೆಲವು ಡಿಸ್ಟ್ರೋಗಳು ಓಪನ್‌ಎಸ್‌ಎಸ್‌ಎಚ್‌ಗೆ ಹಾಕಿದ್ದ ಪ್ಯಾಚ್ ಸಿಸ್ಟಮ್‌ಡಿಯ ಲೈಬ್ರರಿಯನ್ನು ಎಳೆದು ತಂದಿತು, ಅದು ಎಕ್ಸ್‌ಜಡ್ ಅನ್ನು ಎಳೆದು ತಂದಿತು. ಕಳ್ಳ ಬಂದದ್ದು ಆ ದಾರಿಯಲ್ಲಿ. ಮುಂದೆ ಓಪನ್‌ಎಸ್‌ಎಸ್‌ಎಚ್ 9.8ರಲ್ಲಿ ಮೂಲದವರೇ ಯಾವ ಲೈಬ್ರರಿಯ ಹಂಗೂ ಇಲ್ಲದೆ ಸಿಸ್ಟಮ್‌ಡಿಗೆ ತಿಳಿಸುವ ಕೋಡ್ ಸೇರಿಸಿದರು. ಆ ಕೆಲಸ ಐದು ವರ್ಷ ಮೊದಲೇ ಮೂಲದಲ್ಲಿ ಆಗಿದ್ದರೆ ಆ ದಾರಿ ತೆರೆದಿರುತ್ತಿರಲಿಲ್ಲ.

ವಿದ್ಯಾರ್ಥಿನಿ: ಕಳ್ಳ ಒಳಗೆ ಬಂದದ್ದು ಮೆಂಟೇನರ್ ಆಗಿಯೇ ಅಲ್ವಾ ಸಾರ್?

ಮಾಷ್ಟ್ರು: ಹೌದು. ಎಕ್ಸ್‌ಜಡ್ ಅನ್ನು ಬಹುಕಾಲ ಒಬ್ಬರೇ ನೋಡಿಕೊಳ್ಳುತ್ತಿದ್ದರು, ಬಿಡುವಿನ ವೇಳೆಯಲ್ಲಿ, ದಣಿದು. ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಬಂದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಪ್ಯಾಚ್‌ಗಳನ್ನೇ ಕೊಟ್ಟು ನಂಬಿಕೆ ಗಳಿಸಿ ಅಧಿಕಾರ ಪಡೆದರು. ಉಡುಪಿಯ ಕೃಷ್ಣಮಠದಲ್ಲಿ ಪರ್ಯಾಯದ ದಿನ ಅಕ್ಷಯಪಾತ್ರೆ, ಸಟ್ಟುಗ ಒಬ್ಬ ಯತಿಗಳಿಂದ ಇನ್ನೊಬ್ಬರ ಕೈಗೆ ಎಲ್ಲರ ಎದುರು ಹೋಗುತ್ತದೆ. ಎರಡು ವರ್ಷದ ಅವಧಿ ಮೊದಲೇ ಗೊತ್ತು, ಮುಂದಿನ ಸರದಿ ಯಾರದು ಎಂದೂ ಗೊತ್ತು. ಸಾಫ್ಟ್‌ವೇರ್ ಮೆಂಟೇನರ್‌ಗೆ ಅಂಥ ಅವಧಿಯೂ ಇಲ್ಲ, ಸರದಿಯೂ ಇಲ್ಲ. ಕೈಲಾಗುವವರೆಗೆ ಮಾಡುತ್ತಾರೆ, ಆಮೇಲೆ ಉತ್ತರ ಬರುವುದು ನಿಲ್ಲುತ್ತದೆ. ಡೆಬಿಯನ್‌ನಲ್ಲಿ ಪ್ಯಾಕೇಜ್ ಬಿಡುವವರು ಅದನ್ನು ‘ಅನಾಥ’ ಎಂದು ಘೋಷಿಸುವ, ಬೇಕಾದವರು ದತ್ತು ತೆಗೆದುಕೊಳ್ಳುವ ಪದ್ಧತಿ ಇದೆ. ಅದು ಒಳ್ಳೆಯದೇ, ಆದರೆ ಬಿಡುವವರು ಹೇಳದೆ ಹೋದರೆ ಅದು ಸಲೀಸಾಗಿ ನಡೆಯುವುದಿಲ್ಲ. ಒಂದು ಪ್ಯಾಕೇಜ್‌ಗೆ ಕನಿಷ್ಠ ಇಬ್ಬರು ಇರಬೇಕು, ಅದರಲ್ಲೂ ನೆಟ್‌ವರ್ಕ್‌ಗೆ ತೆರೆದುಕೊಂಡಿರುವ ಪ್ಯಾಕೇಜ್‌ಗೆ.

ವಿದ್ಯಾರ್ಥಿನಿ: ಇಷ್ಟೆಲ್ಲ ತೊಂದರೆ ಯಾಕೆ, ಮೂಲದವರ ಹೊಸ ಆವೃತ್ತಿಯನ್ನೇ ಬಂದ ಹಾಗೆ ಕೊಟ್ಟರಾಗದೇ?

ಮಾಷ್ಟ್ರು: ಅಪ್‌ಡೇಟ್ ಆದ ಮಾರನೆಯ ದಿನ ಕಾಲೇಜಿನ ಲಾಗಿನ್ ನಿಂತರೆ ಯಾರು ಕೇಳುತ್ತಾರೆ? ಹೊಸ ಆವೃತ್ತಿಯಲ್ಲಿ ದೋಷದ ಪರಿಹಾರದ ಜೊತೆಗೆ ಹೊಸ ವರ್ತನೆಯೂ ಬರುತ್ತದೆ. ಹಾಗಾಗಿ ಡೆಬಿಯನ್‌ನ ಸ್ಥಿರ ಆವೃತ್ತಿಗೆ ಸಾಮಾನ್ಯವಾಗಿ ಹಳೆಯ ಕೋಡ್‌ಗೆ ಪರಿಹಾರವನ್ನು ಮಾತ್ರ ಹೊಂದಿಸಿ ಹಾಕುತ್ತಾರೆ. ಬ್ಯಾಕ್‌ಪೋರ್ಟ್ ಮಾಡುವುದು ಎಂದರೆ ಇದು. ಓಪನ್‌ಎಸ್‌ಎಸ್‌ಎಚ್‌ನ ಆ ‘ರೆಗ್ರೆಷನ್’ ದೋಷಕ್ಕೆ ಡೆಬಿಯನ್ 12 ಕೊಟ್ಟ ಪ್ಯಾಕೇಜ್‌ನ ಸಂಖ್ಯೆ 9.2ಪಿ1-2+ಡೆಬ್12ಯು3. ಮೊದಲ ಭಾಗ ಮೂಲದವರ ಆವೃತ್ತಿ, ನಡುವಿನ 2 ಡೆಬಿಯನ್‌ನ ಕಟ್ಟುವಿಕೆ, ಕೊನೆಯ ಭಾಗ ಡೆಬಿಯನ್ 12ರಲ್ಲಿ ಈ ಪ್ಯಾಕೇಜ್‌ಗೆ ಬಂದ ಮೂರನೆಯ ಅಪ್‌ಡೇಟ್. ಆಡಿಟ್‌ಗೆ ಬಂದವರ ಸ್ಕ್ಯಾನರ್ ‘9.2’ ಎಂಬಷ್ಟನ್ನೇ ಓದಿದರೆ ‘9.8ಕ್ಕೆ ಏರಿಸಿ’ ಎಂದು ಕೆಂಪು ಗೆರೆ ಎಳೆಯುತ್ತದೆ. ಆಗ ಗಾಬರಿಬಿದ್ದು ಮೂಲದಿಂದ 9.8 ಇಳಿಸಿ ಕೈಯಾರೆ ಕಟ್ಟಿಹಾಕಿದರೆ ಮುಂದೆ ಡೆಬಿಯನ್ ಕೊಡುವ ಯಾವ ಪರಿಹಾರವೂ ಅದಕ್ಕೆ ತಾಗುವುದಿಲ್ಲ. ನೆಟ್‌ವರ್ಕ್ ನೋಡಿಕೊಳ್ಳುವವರು ಕಲಿಯಬೇಕಾದ ಮೊದಲ ಪಾಠಗಳಲ್ಲಿ ಆ ಸಂಖ್ಯೆಯ ಬಾಲ ಓದುವುದೂ ಒಂದು.

ವಿದ್ಯಾರ್ಥಿನಿ: ದೋಷ ಎಲ್ಲರಿಗೂ ಒಟ್ಟಿಗೇ ತಿಳಿಯುತ್ತದಾ?

ಮಾಷ್ಟ್ರು: ಕಂಡುಹಿಡಿದವರು ಡಿಸ್ಟ್ರೋಗಳಿಗೆ ಗುಟ್ಟಾಗಿ ಮೊದಲು ತಿಳಿಸಿ, ಒಂದು ದಿನ ಗೊತ್ತುಮಾಡಿ, ಅಂದು ಎಲ್ಲರೂ ಒಟ್ಟಿಗೆ ಪರಿಹಾರ ಬಿಡುವುದು ರೂಢಿ. ವೈಫೈ ಕೀಲಿ ಮತ್ತೆ ಸ್ಥಾಪನೆಯಾಗುವ ‘ಕ್ರ್ಯಾಕ್’ ದೋಷವನ್ನು ಮ್ಯಾಥಿ ವಾನ್‌ಹೂಫ್ 2017ರ ಅಕ್ಟೋಬರ್ 16ರಂದು ಪ್ರಕಟಿಸಿದರು. ಓಪನ್‌ಬಿಎಸ್‌ಡಿ ಆಗಸ್ಟ್ ಕೊನೆಯಲ್ಲೇ ತನ್ನ ಕೋಡ್ ತಿದ್ದಿಯಾಗಿತ್ತು. ಬಳಕೆದಾರರನ್ನು ತಿಂಗಳುಗಟ್ಟಲೆ ಅಪಾಯದಲ್ಲಿ ಇಡುವುದು ಸರಿಯಲ್ಲ ಎನ್ನುವುದು ಅವರ ನಿಲುವು. ಮುಕ್ತ ಕೋಡ್‌ನಲ್ಲಿ ತಿದ್ದುಪಡಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಅದರಿಂದ ದೋಷವನ್ನು ಊಹಿಸಬಹುದು ಎನ್ನುವುದು ವಾನ್‌ಹೂಫ್ ಆತಂಕ. ಮುಂದೆ ಓಪನ್‌ಬಿಎಸ್‌ಡಿಗೆ ತಡವಾಗಿ ತಿಳಿಸುವೆ ಎಂದರು. ಎರಡು ಕಡೆಯಲ್ಲೂ ನ್ಯಾಯ ಇದೆ. ಆದರೆ ಗುಟ್ಟಿನ ಅವಧಿ ವಾರಗಳಲ್ಲಿ ಇರಬೇಕೇ ಹೊರತು ತಿಂಗಳುಗಳಲ್ಲಿ ಅಲ್ಲ. ಆಗ ಓಪನ್‌ವರ್ಟ್‌ನಿಂದ ಕವಲೊಡೆದಿದ್ದ ಲೀಡ್ ಯೋಜನೆ ಪ್ರಕಟಣೆಯಾದ ವಾರದಲ್ಲೇ 17.01.4 ಬಿಟ್ಟಿತು.

ವಿದ್ಯಾರ್ಥಿನಿ: ಬಿಟ್ಟರೂ ಅದು ರೂಟರ್‌ಗೆ ಹೋಗಬೇಕಲ್ಲ.

ಮಾಷ್ಟ್ರು: ಕರಾವಳಿಯಲ್ಲಿ ನಿಜವಾದ ತೊಡಕು ಅಲ್ಲೇ. ಕಾರ್ಕಳದ ಕಡೆ ಮಳೆ ಹಿಡಿಯುವ ಮೊದಲಿನ ಸಿಡಿಲಿಗೆ ರೂಟರ್ ಸುಟ್ಟುಹೋಗುವುದು ಮಾಮೂಲಿ. ಆಗ ಕಪಾಟಿನಲ್ಲಿದ್ದ ಹಳೆಯದನ್ನು ತೆಗೆದು ಸಿಕ್ಕಿಸುತ್ತಾರೆ. ಅದರೊಳಗೆ ಯಾವ ವರ್ಷದ ಡಿಎನ್‌ಎಸ್‌ಮಾಸ್ಕ್ ಇದೆ ಎಂದು ಯಾರೂ ನೋಡುವುದಿಲ್ಲ. 2021ರ ಜನವರಿಯಲ್ಲಿ ಡಿಎನ್‌ಎಸ್‌ಮಾಸ್ಕ್‌ನಲ್ಲಿ ಏಳು ದೋಷಗಳು ಒಟ್ಟಿಗೆ ಪ್ರಕಟವಾಗಿ 2.83ರಲ್ಲಿ ಪರಿಹಾರ ಬಂದಿತ್ತು. ಕಾಪುವಿನ ಬೀಚಿನ ಬದಿಯ ಹೋಂಸ್ಟೇ ಒಂದರಲ್ಲಿ ಅದಕ್ಕೂ ಹಳೆಯದು ಓಡುತ್ತಿದ್ದರೆ ಪ್ರವಾಸಿಗರ ಫೋನ್‌ಗಳೆಲ್ಲ ಸುಳ್ಳು ವಿಳಾಸ ಪಡೆಯುವ ಸಾಧ್ಯತೆ ಇದೆ. ಸಿಕ್ಕಿಸುವ ಮೊದಲು ಫರ್ಮ್‌ವೇರ್ ಏರಿಸಬೇಕು. ಏರಿಸಲಾಗದಷ್ಟು ಹಳೆಯದಾದರೆ ಬಿಡಬೇಕು. 4 ಎಂಬಿ ಫ್ಲ್ಯಾಶ್, 32 ಎಂಬಿ ರ್ಯಾಮ್ ಇರುವ ರೂಟರ್‌ಗಳಿಗೆ ಓಪನ್‌ವರ್ಟ್ 19.07ರ ಆಚೆಗೆ ಬೆಂಬಲ ಇಲ್ಲ.

ವಿದ್ಯಾರ್ಥಿನಿ: ಒಳಗೆ ತಂದದ್ದನ್ನು ಹೊರಗೆ ಹಾಕುವುದೂ ಉಸ್ತುವಾರಿಯ ಭಾಗವೇ?

ಮಾಷ್ಟ್ರು: ಖಂಡಿತ. ತರದೇ ಇರುವುದೂ ಹೌದು. ವೈರ್‌ಗಾರ್ಡ್ ಎಂಬ ವಿಪಿಎನ್‌ನ ಕರ್ನಲ್ ರೂಪ 2020ರ ನವೆಂಬರ್‌ನಲ್ಲಿ ಫ್ರೀಬಿಎಸ್‌ಡಿಯೊಳಗೆ ಬಂತು. 13.0 ಆವೃತ್ತಿ ಬಿಡುವ ಹೊಸ್ತಿಲಲ್ಲಿ, 2021ರ ಮಾರ್ಚ್‌ನಲ್ಲಿ, ವೈರ್‌ಗಾರ್ಡ್‌ನ ಮೂಲ ಕರ್ತೃ ಜೇಸನ್ ಡೋನೆನ್‌ಫೆಲ್ಡ್ ಮತ್ತು ಇಬ್ಬರು ಅದನ್ನು ಓದಿ ಗಂಭೀರ ದೋಷಗಳನ್ನು ಕಂಡು ಒಂದು ವಾರದ ಆಸುಪಾಸಿನಲ್ಲಿ ಪುನಃ ಬರೆದರು. ಆದರೂ ಫ್ರೀಬಿಎಸ್‌ಡಿ ಅವಸರಪಡಲಿಲ್ಲ; 13.0ರಿಂದ ಅದನ್ನು ಪೂರ್ತಿ ತೆಗೆದು, ಹೊರಗೆ ಪಳಗಿಸಿ, 2023ರ ಏಪ್ರಿಲ್‌ನ 13.2ರಲ್ಲಿ ಕೊಟ್ಟಿತು.

ಹೊರಹಾಕಿದ್ದರಲ್ಲಿ ದೊಡ್ಡದು ಬೈಂಡ್. 1980ರ ದಶಕದ ಆರಂಭದಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ ಡಿಎನ್‌ಎಸ್ ಸರ್ವರ್ ಅದು. ಬಿಎಸ್‌ಡಿಗಳ ಒಳಗೇ ಬೆಳೆದದ್ದು. ಆಮೇಲೆ ಅದರ ಭದ್ರತಾ ಪ್ರಕಟಣೆಗಳು ಒಂದರ ಹಿಂದೆ ಒಂದು ಬರತೊಡಗಿದವು. ಎಲ್ಲ ಯಂತ್ರಗಳಿಗೂ ಒಟ್ಟಿಗೆ ಬರುವ ಬೇಸ್ ಸಿಸ್ಟಮ್‌ನಲ್ಲಿ ಇದ್ದುದರಿಂದ ಬೈಂಡ್ ಬಳಸದವರಿಗೂ ಪ್ರತಿಸಲ ಇಡೀ ಸಿಸ್ಟಮ್‌ನ ಅಪ್‌ಡೇಟ್. ಎಷ್ಟೋ ಯಂತ್ರಗಳಿಗೆ ಬೇಕಾದದ್ದು ಹೆಸರು ಹುಡುಕಿಕೊಡುವ ಸಣ್ಣ ಸೇವೆ ಮಾತ್ರ. 2014ರ 10.0ರಲ್ಲಿ ಫ್ರೀಬಿಎಸ್‌ಡಿ ಬೈಂಡ್ ತೆಗೆದು, ನೆದರ್ಲ್ಯಾಂಡ್ಸ್‌ನ ಎನ್‌ಎಲ್‌ನೆಟ್ ಲ್ಯಾಬ್ಸ್‌ನ ಅನ್‌ಬೌಂಡ್ ಅನ್ನು ಆ ಸಣ್ಣ ಕೆಲಸಕ್ಕೆ ಇಟ್ಟಿತು. ಓಪನ್‌ಬಿಎಸ್‌ಡಿ 2015ರ 5.7ರಲ್ಲಿ ಅದೇ ದಾರಿ ಹಿಡಿಯಿತು.

ವಿದ್ಯಾರ್ಥಿನಿ: ಬೈಂಡ್ ನೆಚ್ಚಿಕೊಂಡಿದ್ದ ಸರ್ವರ್‌ಗಳ ಗತಿ?

ಮಾಷ್ಟ್ರು: ಪೋರ್ಟ್ಸ್‌ನಲ್ಲಿ ಬೈಂಡ್ ಸಿಗುತ್ತದೆ, ಅಲ್ಲಿ ಅದಕ್ಕೆ ತನ್ನದೇ ವೇಗದಲ್ಲಿ ಅಪ್‌ಡೇಟ್ ಬರುತ್ತದೆ. ಆದರೆ ಸೆಟ್ಟಿಂಗ್ ಫೈಲ್‌ನ ಜಾಗ ಬದಲಾಗುತ್ತದೆ, ಹೊಸ ಸಿಸ್ಟಮ್‌ಗೆ ಏರುವ ಮೊದಲೇ ಪ್ಯಾಕೇಜ್ ಹಾಕಿ, ವಲಯದ ಫೈಲ್‌ಗಳನ್ನು ಅಲ್ಲಿಗೆ ಸಾಗಿಸಿ, ಒಂದು ಸಲ ಓಡಿಸಿ ನೋಡಬೇಕು. ಇದನ್ನು ಬಿಡುಗಡೆಯ ಟಿಪ್ಪಣಿಯಲ್ಲಿ ಬಿಡಿಸಿ ಬರೆಯುವುದು ಮೆಂಟೇನರ್‌ನ ಕೊನೆಯ ಕೆಲಸ. ಏರಿಸುವ ಮೊದಲು ಅದನ್ನು ಓದುವುದು ನೆಟ್‌ವರ್ಕ್ ನೋಡಿಕೊಳ್ಳುವವರದು.